ಸ್ಫಟಿಕಾಂಗನ ಮೂರು ಗಾಜಿನ ಮನೆಗಳು

ಬಹಳ ಹಿಂದೆ, ಸೂರ್ಯ ಮಂಜಿನಲ್ಲೇ ಹುಟ್ಟಿ ಮಂಜಿನಲ್ಲೇ ಮುಳುಗುವ ಮಂಜಾವತಿ ಎಂಬ ರಾಜ್ಯವಿತ್ತು. ಅಲ್ಲಿ ಸೀತಾಳೆ ಹೂ ಬೆಳೆಸುವವರು ವರ್ಷಕ್ಕೊಮ್ಮೆ ಗುಂಪು ಕೂಡಿ, ಒಬ್ಬರ ತೋಟವನ್ನು ಇನ್ನೊಬ್ಬರು ನೋಡಿ ಬರುತ್ತಿದ್ದರು. ಆದರೆ ಸ್ಫಟಿಕಾಂಗನೆಂಬ ಮಾಂತ್ರಿಕನ ಗಾಜಿನ ಮನೆಗಳನ್ನು ನೋಡಲು ಹೋದವರು ಹಿಂದಿರುಗುತ್ತಿರಲಿಲ್ಲ. ನೀಲವ್ವನ ಗಂಡ ಗುರುಪಾದ ಹಾಗೆ ಹೋದವನು. ಏಳು ವರ್ಷ ಕಾದು ಸಾಕಾಗಿ ನೀಲವ್ವ ತಾನೇ ಹೊರಟಳು. ಹೂ ಬೆಳೆಸುವ ಲಕ್ಕಣ್ಣನೂ ಮುದ್ದವ್ವನೂ ಜೊತೆಗೆ ಬಂದರು.

"ನೀವ್ಯಾಕೆ ಸಾಯೋಕೆ ಬರ್ತೀರಿ?" ಎಂದಳು ನೀಲವ್ವ.

"ನಮಗೆ ಮೊದಲ ಗಿಡ ಕೊಟ್ಟವನು ನಿನ್ನ ಗಂಡ. ನಡಿ ತಾಯಿ," ಎಂದ ಲಕ್ಕಣ್ಣ.

ಬಾಗಿಲಲ್ಲಿ ಗಾಜಿನ ಹುಲಿಯೊಂದು ಮಲಗಿತ್ತು. ಅದು ಒಳಗೆ ಹೋಗುವವರನ್ನು ತಡೆಯುತ್ತಿರಲಿಲ್ಲ, ಹೊರಗೆ ಬರುವವರನ್ನು ಬಿಡುತ್ತಿರಲಿಲ್ಲ.

ಸ್ಫಟಿಕಾಂಗ ನಗುತ್ತಾ ಎದುರಾದ. "ಬಂದವರೆಲ್ಲ ಇಲ್ಲೇ ಹೂವಾಗಿದ್ದಾರೆ. ಮನೆಗೊಬ್ಬರಂತೆ ಒಂದೊಂದು ಗಿಡ ಮುಟ್ಟಿ. ಅದು ಗುರುಪಾದನಾದರೆ ಕರೆದುಕೊಂಡು ಹೋಗಿ. ತಪ್ಪಿದರೆ ಮುಟ್ಟಿದವರೂ ಹೂವೇ."

ಮೊದಲ ಮನೆಯಲ್ಲಿ ಸಾವಿರ ಹೂಗಳಿದ್ದವು, ಒಂದು ಜೇನೂ ಇರಲಿಲ್ಲ. ಗುರುಪಾದನಿಗೆ ಹಳದಿ ಇಷ್ಟವೆಂದು ಲಕ್ಕಣ್ಣ ಹಳದಿ ಹೂವೊಂದನ್ನು ಮುಟ್ಟಿದ. ಅವನಿದ್ದ ಜಾಗದಲ್ಲಿ ಒಂದು ಹೂಕುಂಡ ಉಳಿಯಿತು.

ಎರಡನೆಯ ಮನೆಯಲ್ಲಿ ಮುದ್ದವ್ವ ಕಣ್ಣು ಮುಚ್ಚಿ ಪರಿಮಳ ಹಿಡಿದು ನಡೆದಳು. "ಇವನೇ ಕಣೇ ನೀಲಾ!" ಎಂದು ಕೈ ಚಾಚಿದಳು. ಮಾತು ಮುಗಿಯುವ ಮೊದಲೇ ಅವಳೂ ಹೂವಾದಳು.

ಮೂರನೆಯ ಮನೆಯಲ್ಲಿ ನೀಲವ್ವ ಒಬ್ಬಳೇ. ಅತ್ತು ಅತ್ತು ಅವಳಿಗೆ ಬಣ್ಣ ಕಾಣಿಸಲಿಲ್ಲ, ಪರಿಮಳ ತಿಳಿಯಲಿಲ್ಲ. ತಲೆ ತಗ್ಗಿಸಿದಾಗ ಕುಂಡಗಳು ಕಂಡವು. ಪ್ರತಿ ಕುಂಡದಲ್ಲೂ ಕಂಠದವರೆಗೆ ಜೇಡಿಮಣ್ಣು ತುಂಬಿ ಮೆತ್ತಿತ್ತು.

"ಮರದ ಮೇಲೆ ಗಾಳಿಯಲ್ಲಿ ಬೇರು ಬಿಡೋ ಸೀತಾಳೆ ಗಿಡ ಇದು. ಮಣ್ಣಲ್ಲಿ ಹೂತರೆ ಉಸಿರಾಡೋದು ಹೇಗೆ?" ಎಂದಳು.

ಸ್ಫಟಿಕಾಂಗನ ನಗು ನಿಂತಿತು. "ಗಿಡ ಮುಟ್ಟು. ಬೇರಿನ ವಿಚಾರ ನಿನಗ್ಯಾಕೆ?"

ನೀಲವ್ವ ಗಿಡ ಮುಟ್ಟಲಿಲ್ಲ. ಕಲ್ಲೊಂದನ್ನೆತ್ತಿ ಕುಂಡಕ್ಕೆ ಹೊಡೆದಳು. ಮಣ್ಣು ಉದುರಿತು, ಬೇರಿಗೆ ಗಾಳಿ ತಾಗಿತು. ಯಾರೋ ಒಬ್ಬ ಮುದುಕ ಕೆಮ್ಮುತ್ತಾ ಎದ್ದು ಕುಳಿತ. ಇನ್ನೊಂದು ಕುಂಡ ಒಡೆದಳು, ಮತ್ತೊಂದು ಒಡೆದಳು, ಹಿಂದಿನ ಎರಡು ಮನೆಗಳಿಗೂ ಓಡಿ ಅಲ್ಲಿನವನ್ನೂ ಒಡೆದಳು. ಹೂವಾದವರ ಉಸಿರೇ ಮಾಂತ್ರಿಕನ ಆಯುಷ್ಯವಾಗಿತ್ತು. ಒಬ್ಬೊಬ್ಬರು ಎದ್ದಂತೆ ಅವನು ಒಣಗುತ್ತಾ ಹೋದ. ಲಕ್ಕಣ್ಣ ಎದ್ದ, ಮುದ್ದವ್ವ ಎದ್ದಳು. ಕೊನೆಯ ಸಾಲಿನಲ್ಲಿ ಗುರುಪಾದ ಕಣ್ಣು ಬಿಟ್ಟಾಗ ಮಾಂತ್ರಿಕ ತರಗೆಲೆಯಂತೆ ಪುಡಿಯಾದ. ಹುಲಿಯೂ ಒಡೆದು ಚೂರಾಯಿತು.

ಆದರೆ ಹನ್ನೊಂದು ಕುಂಡಗಳಲ್ಲಿ ಬೇರು ಕೊಳೆತು ಹೋಗಿತ್ತು. ಅಲ್ಲಿಂದ ಯಾರೂ ಏಳಲಿಲ್ಲ.

"ಅವರೆಲ್ಲ ಯಾರೂಂತ ನನಗೆ ಗೊತ್ತು," ಎಂದ ಗುರುಪಾದ. "ಏಳು ವರ್ಷ ಪಕ್ಕದಲ್ಲೇ ಇದ್ದೆ."

ಗಂಡಹೆಂಡತಿ ನೇರವಾಗಿ ಮನೆಗೆ ಹೋಗಲಿಲ್ಲ. ಹನ್ನೊಂದು ಮನೆಗಳ ಬಾಗಿಲು ತಟ್ಟಿದರು. ಅವನು ಹೆಸರು ಹೇಳಿದ, ಉಳಿದದ್ದನ್ನು ಅವಳು ಹೇಳಿ ಮುಗಿಸಿದಳು. ಆಮೇಲೆ ಊರು ಸೇರಿ, ತಣ್ಣಗಾಗಿದ್ದ ಒಲೆ ಹಚ್ಚಿ, ಬಹುಕಾಲ ಸುಖವಾಗಿ ಬಾಳಿದರು.