ಹೆಸರು ಹೇಳಬಾರದ ಗಿಡ

1962ರ ಫೆಬ್ರವರಿ 12, ಸೋಮವಾರ ಬೆಳಿಗ್ಗೆ 9.10ಕ್ಕೆ ಬೊಕ್ಕಪಟ್ಣದ ಸುಂದರಿ ಠಾಣೆಗೆ ಬಂದಳು. ಮೀನು ಮಾರುವ ಹೆಂಗಸು. ಬೆನ್ನುನೋವು, ಮಂಡಿನೋವಿಗೆ ಬೇರಿನ ಎಣ್ಣೆಯನ್ನೂ ಕೊಡುತ್ತಿದ್ದಳು, ಧರ್ಮಕ್ಕೆ. ಶನಿವಾರ ಅವಳು ಮಾರ್ಕೆಟಿನಲ್ಲಿದ್ದಾಗ ಯಾರೋ ಅಂಗಳದ ಮದ್ದಿನ ಗಿಡವನ್ನು ಬುಡಸಮೇತ ಕಿತ್ತಿದ್ದರು. ಇದ್ದದ್ದು ಅದೊಂದೇ ಗಿಡ. ಬಲೆ ಎಳೆದು ಸೊಂಟ ಹಿಡಿದವರೆಲ್ಲ ಅದನ್ನೇ ನಂಬಿದ್ದರು.

"ಗಿಡದ ಹೆಸರು?" ಇನ್‌ಸ್ಪೆಕ್ಟರ್ ಅಲ್ಫೋನ್ಸ್ ಕೇಳಿದರು.

"ಹೇಳ್ಲಿಕ್ಕಿಲ್ಲ. ಹೇಳಿದ್ರೆ ಮದ್ದು ನಾಟುವುದಿಲ್ಲ."

"ಮತ್ತೆ ಎಫ್‌ಐಆರ್‌ನಲ್ಲಿ ಎಂತ ಬರೆಯುವುದು?"

"ಅದು ನಿಮ್ಮ ಕೆಲಸ."

ಕಾನ್‌ಸ್ಟೇಬಲ್ ಸೇಸಪ್ಪ "ಹೆಸರು ಹೇಳಬಾರದ ಗಿಡ, ಒಂದು" ಎಂದು ಬರೆದ. ನಾಟಿಮದ್ದೆಂದರೆ ಮೂಗು ಮುರಿಯುವ ಅಲ್ಫೋನ್ಸರು ಗೊಣಗುತ್ತ ಸಹಿ ಹಾಕಿದರು.

11 ಗಂಟೆಗೆ ಸ್ಥಳ ಪಂಚನಾಮೆ. ಅಲ್ಫೋನ್ಸರು ಬಗ್ಗಿ ಗುಂಡಿಯ ಆಳ ಅಳೆದರು. ಪಂಚನಾಗಿ ಬಂದ ಬೀಡಿ ಅಂಗಡಿಯ ಹಸೈನಾರ್ ಶನಿವಾರ ಒಂದು ಛತ್ರಿ ಹೋದದ್ದನ್ನು ಕಂಡಿದ್ದ.

"ಛತ್ರಿಯ ಕೆಳಗೆ ಗಂಡಸಾ, ಹೆಂಗಸಾ?"

"ನಾನು ಛತ್ರಿ ಮಾತ್ರ ನೋಡಿದ್ದು ಸಾರ್."

ಸುಂದರಿ ನಡುವೆ ಬಾಯಿ ಹಾಕಿದಳು. "ಹಸಿ ಬೇರು ಬರಿಗೈಯಲ್ಲಿ ಹಿಡಿದವರ ಅಂಗೈಯಲ್ಲಿ ನಾಲ್ಕು ದಿನ ಗುಳ್ಳೆ ಇರ್ತದೆ. ಎಣ್ಣೆಯಲ್ಲಿ ಕಾಯಿಸಿದ ಮೇಲೆ ಎಂತ ಇಲ್ಲ."

ಸರಿ, ಅಂಗೈ ತಪಾಸಣೆ ಶುರುವಾಯಿತು. 3 ಗಂಟೆಯೊಳಗೆ ನಲವತ್ತು ಜನ. ಅಲ್ಫೋನ್ಸರು ಒಬ್ಬೊಬ್ಬರ ಕೈಗೂ ಬಗ್ಗಿ ನೋಡಿದರು. ಸಿಕ್ಕಿದ್ದು ಮೀನಿನ ವಾಸನೆ ಮಾತ್ರ.

ಸೇಸಪ್ಪ ತಲೆ ಕೆರೆದುಕೊಂಡ. "ಸಾರ್, ನಾಲ್ಕು ವರ್ಷದಿಂದ ನಿಮ್ಮ ಬೂಟಿನ ಲೇಸ್ ಕಟ್ಟುವುದು ನಾನು. ಇವತ್ತು ನೀವು ನಲವತ್ತೊಂದು ಸಲ ಬಗ್ಗಿದ್ರಿ."

ಅಲ್ಫೋನ್ಸರು ಸೊಂಟ ಮುಟ್ಟಿ ನೋಡಿಕೊಂಡರು. ಶನಿವಾರದಿಂದ ಹೆಂಡತಿ ಕ್ರಿಸ್ಟಿನ್ ಅವರ ಬೆನ್ನಿಗೆ ಆಸ್ಪತ್ರೆಯ ಎಣ್ಣೆಯೆಂದು ಏನೋ ಹಚ್ಚುತ್ತಿದ್ದಳು. ಬಿಸಿ ಗಂಜಿ ಚೆಲ್ಲಿತೆಂದು ಕೈಗೆ ಬಟ್ಟೆ ಸುತ್ತಿಕೊಂಡಿದ್ದಳು.

4.20ಕ್ಕೆ ಬಿಜೈಯಲ್ಲಿ, ಸ್ವಂತ ಮನೆಯಲ್ಲಿ, ವಿಚಾರಣೆ.

"ಕೈ ತೋರಿಸು."

ಕ್ರಿಸ್ಟಿನ್ ಬಟ್ಟೆ ಬಿಚ್ಚಿದಳು. ಅಂಗೈ ತುಂಬ ಗುಳ್ಳೆ.

"ಕೇಳಿ ತರ್ಲಿಕ್ಕೆ ಆಗ್ಲಿಲ್ಲವಾ?"

"ಎರಡು ಸಲ ಕೇಳಿದೆ. ನೋವಿದ್ದವರೇ ಬಂದು ಕೇಳ್ಬೇಕಂತೆ. ನೀವು ಹೋಗ್ತಿದ್ರಾ?"

4.35ಕ್ಕೆ ದಸ್ತಗಿರಿ. ಗಿಡ ಹಿತ್ತಲಿನ ಕುಂಡದಲ್ಲಿ ಸಿಕ್ಕಿತು. ಸೇಸಪ್ಪ ಜಪ್ತಿ ಪಂಚನಾಮೆ ಬರೆದ: ಗಿಡಕ್ಕೆ ಜೀವವಿದೆ, ಅರ್ಧ ಬೇರು ಇಲ್ಲ.

"ಉಳಿದ ಅರ್ಧ ನಿಮ್ಮ ಬೆನ್ನಲ್ಲಿ ಉಂಟು ಸಾರ್. ಜಪ್ತಿ ಮಾಡುವುದು ಹೇಗೆ?"

ಠಾಣೆಯಲ್ಲಿ ಆರೋಪಿಯ ಹೇಳಿಕೆ ಚಿಕ್ಕದಿತ್ತು. "ನಾಲ್ಕು ವರ್ಷ ಇವರು ಕುರ್ಚಿಯಲ್ಲಿ ಕೂತೇ ನಿದ್ದೆ ಮಾಡಿದ್ದು. ಶನಿವಾರ ಮಂಚದಲ್ಲಿ ಮಲಗಿದ್ರು. ಕೈ ಉರೀತಿತ್ತು. ಆದ್ರೂ ನನಗೆ ಖುಷಿಯಾಯ್ತು."

ಗಿಡ ಒಯ್ಯಲು ಬಂದ ಸುಂದರಿ ಅದನ್ನು ಕೇಳಿಸಿಕೊಂಡಳು. "ಕೋರ್ಟಿನಲ್ಲಿ ರಾಜಿ ಹೇಳ್ತೇನೆ. ಆದ್ರೆ ಕೇಳ್ಬೇಕಾದವರು ಕೇಳ್ಲಿ."

ಅಲ್ಫೋನ್ಸರು ಟೋಪಿ ತೆಗೆದರು. "ನನಗೆ ಬೆನ್ನುನೋವು ಉಂಟು. ಮದ್ದು ಬೇಕು."

"ಕೊಡ್ತೇನೆ. ಮೊದಲು ಇದು." ಸುಂದರಿ ಸೆರಗಿನ ಗಂಟಿನಿಂದ ಅರೆದ ಸೊಪ್ಪಿನ ಉಂಡೆ ತೆಗೆದಳು. "ಗುಳ್ಳೆಗೆ. ಹಚ್ಚುವುದು ನೀವೇ."

ಕ್ರಿಸ್ಟಿನ್ ಬೆಂಚಿನಲ್ಲಿ ಕೂತು ಎರಡೂ ಅಂಗೈ ಚಾಚಿದಳು. ಇನ್‌ಸ್ಪೆಕ್ಟರು ನಲವತ್ತೆರಡನೆಯ ಸಲ ಬಗ್ಗಿದರು.