ಯಜಮಾನ್ರಿಗೆ ತಿಳ್ಸಿ

ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ಅಮೃತೂರು ಠಾಣೆಗೆ ಬಂದ ಚನ್ನವೀರಯ್ಯ, ಕುರ್ಚಿ ತೋರಿಸಿದರೂ ಕೂರಲಿಲ್ಲ. ಸೇನೆಯಲ್ಲಿ ಸುಬೇದಾರರಾಗಿದ್ದು ನಿವೃತ್ತರಾದವರು. ತುಮಕೂರಿನ ಬಟವಾಡಿಯಲ್ಲಿ ಬಾಡಿಗೆ ಕೋಣೆ ಹಿಡಿದು, ಮಾಜಿ ಸೈನಿಕರಿಗೂ ಸೈನಿಕರ ವಿಧವೆಯರಿಗೂ ಪಿಂಚಣಿ ಅರ್ಜಿ ಬರೆದುಕೊಡುತ್ತಾರೆ. ಯಾರಿಂದಲೂ ಒಂದು ಲೋಟ ಕಾಫಿಯನ್ನೂ ಪಡೆಯುವುದಿಲ್ಲ. ಅಂಥವರನ್ನು ಕಂಡರೆ ಜನಕ್ಕೆ ಮೊದಲು ಅನುಮಾನವೇ ಬರುತ್ತದೆ, ಕಾಲ ಹಾಗಿದೆ.

ಅವರ ದೂರು ಇಷ್ಟು. ಭಾನುವಾರ ಅಮೃತೂರಿನ ಖಾಸಗಿ ಶಾಲೆಯೊಂದರಲ್ಲಿ ಉಚಿತ ಶಿಬಿರವಿತ್ತು. ಫಿರಂಗಿ ಸದ್ದಿಗೆ ಕಿವಿ ಕಳೆದುಕೊಂಡವರನ್ನು ಪರೀಕ್ಷಿಸಲು ಬೆಂಗಳೂರಿನಿಂದ ಕಿವಿ ಡಾಕ್ಟರು ಬಂದಿದ್ದರು. ಆದರೆ ಹೆಸರು ಕೊಟ್ಟವರಲ್ಲಿ ಬಂದದ್ದು ಮೂವರು ಮಾತ್ರ. ಉಳಿದವರ ಮನೆಗೆಲ್ಲ ಶನಿವಾರವೇ ಫೋನ್ ಹೋಗಿತ್ತು. ಸೈನಿಕರ ಕಚೇರಿಯಿಂದ ಮಾತಾಡುತ್ತಿದ್ದೇನೆ, ಕ್ಯಾಂಪ್ ಕ್ಯಾನ್ಸಲ್ ಆಗಿದೆ, ಪುಕ್ಕಟೆ ಮಾಡಿಕೊಡುತ್ತೇವೆ ಅನ್ನುವವರನ್ನು ನಂಬಬೇಡಿ ಎಂದು ಒಂದು ಗಂಡಸಿನ ದನಿ ಹೇಳಿತ್ತು.

"ಡಾಕ್ಟ್ರು ಇನ್ನೊಂದ್ ಭಾನ್ವಾರ ಕೊಟ್ಟವ್ರೆ ಮೇಡಂ," ಎಂದರು ಚನ್ನವೀರಯ್ಯ. "ಅವತ್ತೂ ಜನ ಬರ್ಲಿಲ್ಲ ಅಂದ್ರೆ ಅವ್ರು ಮತ್ತೆ ಈ ಕಡೆ ಬರಲ್ಲ. ನನ್ ಮಾತ್ನೂ ಯಾರೂ ನಂಬಲ್ಲ."

ಇನ್‌ಸ್ಪೆಕ್ಟರ್ ಉಮಾಮಹೇಶ್ವರಿ ಸರ್ಕಾರಿ ನೌಕರನೆಂದು ನಟಿಸಿದ ಆರೋಪದ ಮೇಲೆ ಎಫ್‌ಐಆರ್ ದಾಖಲಿಸಿದರು. ಭಾನುವಾರದೊಳಗೆ ಸಿಗುತ್ತಾನೆ ಎಂದರು. ಅವರು ಸುಮ್ಮನೆ ಮಾತು ಕೊಡುವವರಲ್ಲ.

ಕಾನ್‌ಸ್ಟೆಬಲ್ ಅಂಜನ್‌ಕುಮಾರನ ಲೆಕ್ಕದಲ್ಲಿ ಕಳ್ಳ ಆಗಲೇ ಸಿಕ್ಕಿಬಿಟ್ಟಿದ್ದ. ಗುಬ್ಬಿಯ ಭಾನುಪ್ರಕಾಶ್ ಕಮಿಷನ್ ಪಡೆದು ಪಿಂಚಣಿ ಮಾಡಿಸುವ ಏಜೆಂಟ್. ಚನ್ನವೀರಯ್ಯನವರಿಂದ ಅವನ ವ್ಯಾಪಾರ ಕೆಟ್ಟಿತ್ತು. ಮಂಗಳವಾರ ಗುಬ್ಬಿಗೆ ಹೋದರೆ, ಅವನು ನಕ್ಕ. ತಾನೇ ಫೋನ್ ಮಾಡಿದ್ದರೆ ಕೊನೆಗೆ ಗಿರಾಕಿಗಳಿಗೆ ತನ್ನ ನಂಬರನ್ನು ಹೇಳದೆ ಇಡುತ್ತಿದ್ದೆನೇ ಎಂದು ಕೇಳಿದ. ಮಾತು ನಾಚಿಕೆಗೇಡಿನದು, ಆದರೆ ನಿಜ. ಅಂಜನ್‌ಕುಮಾರನ ಮುಖ ಸಪ್ಪಗಾಯಿತು.

ಬುಧವಾರ ಕೊತ್ತಗೆರೆಯಲ್ಲಿ ಹನುಮಂತಮ್ಮ ಸಿಕ್ಕರು. ಗಂಡ ಸೈನ್ಯದಲ್ಲಿದ್ದವರು, ತೀರಿಹೋಗಿ ಎರಡು ವರ್ಷವಾಗಿತ್ತು. ಶಿಬಿರದಲ್ಲಿ ವಿಧವೆಯರ ಪಿಂಚಣಿ ಅರ್ಜಿಯನ್ನೂ ಬರೆಯುವುದಿತ್ತು, ಆದರೆ ಪಟ್ಟಿಯಲ್ಲಿ ಇನ್ನೂ ಗಂಡನ ಹೆಸರೇ ಇತ್ತು.

"ನಮ್ ಯಜಮಾನ್ರು ಹೋಗ್ಬುಟ್ಟವ್ರೆ ಸ್ವಾಮಿ, ನಾನ್ ಯಾವಾಗ ಬರ್ಲಿ ಅಂತ ಕೇಳ್ದೆ," ಎಂದು ಆಕೆ ಸೆರಗಿನಲ್ಲಿ ಕಣ್ಣೊತ್ತಿಕೊಂಡರು. "'ಆಯ್ತಮ್ಮ, ಯಜಮಾನ್ರಿಗೆ ತಿಳ್ಸಿ' ಅಂದು ಫೋನ್ ಇಕ್ಬುಟ್ಟ."

ಎಂಥ ಕಲ್ಲುಮನಸ್ಸಿನವನು ಎಂದು ಅಂಜನ್‌ಕುಮಾರ್ ಬೈದ. ಉಮಾಮಹೇಶ್ವರಿ ಮಾತ್ರ ಜೀಪಿನಲ್ಲೇ ಕೂತು ಫೋನ್ ಬಂದಿದ್ದ ಉಳಿದವರನ್ನೆಲ್ಲ ವಿಚಾರಿಸಿದರು. ಒಬ್ಬರ ಪ್ರಶ್ನೆಗೂ ಆ ದನಿ ಸರಿಯಾದ ಉತ್ತರ ಕೊಟ್ಟಿರಲಿಲ್ಲ. "ಕಲ್ಲುಮನಸ್ಸಲ್ಲ ಕಣೋ," ಎಂದರು ಅವರು. "ಅವ್ನಿಗೆ ಕೇಳ್ಸಿಲ್ಲ."

ಅಂದು ಸಂಜೆ ಕರೆಗಳ ವಿವರ ಬಂತು. ಎಲ್ಲವೂ ಹೋದದ್ದು ಶಿಬಿರ ನಡೆದ ಶಾಲೆಯದೇ ಆಫೀಸ್ ಮೊಬೈಲಿನಿಂದ. ಮಕ್ಕಳ ಮನೆಗೆ ಫೋನ್ ಮಾಡಲು ಅದನ್ನು ಯಾರು ಬೇಕಾದರೂ ಎತ್ತಿಕೊಳ್ಳುತ್ತಿದ್ದರು.

ಗುರುವಾರ ಉಮಾಮಹೇಶ್ವರಿ ಹೇಳಿದಂತೆ ಶಾಲೆಯ ಮಾಲೀಕ ಅನಂತರಾಜು ನಾಲ್ವರು ಗಂಡಸು ನೌಕರರನ್ನು ಆಫೀಸಿನಲ್ಲಿ ನಿಲ್ಲಿಸಿದರು. ಅವರ ಬೆನ್ನ ಹಿಂದೆ, ಮೇಜಿನ ಮೇಲೆ ಆ ಮೊಬೈಲು. ಅಂಜನ್‌ಕುಮಾರ್ ಹೊರಗಿನಿಂದ ಅದಕ್ಕೆ ಕರೆ ಮಾಡಿದ. ಮೂವರು ತಿರುಗಿದರು. ವ್ಯಾನ್ ಡ್ರೈವರ್ ರಂಗನಾಥ್ ಉಳಿದವರು ತಿರುಗಿದ್ದನ್ನು ನೋಡಿ ಆಮೇಲೆ ತಿರುಗಿದ.

ಉಮಾಮಹೇಶ್ವರಿ ಕರ್ಚೀಫಿನಿಂದ ಬಾಯಿ ಒರೆಸಿಕೊಳ್ಳುತ್ತ ಅವನನ್ನು ಕೇಳಿದರು. "ಎಷ್ಟ್ ಜನ ಮಕ್ಳು?"

"ಹನ್ನೊಂದ್ ವರ್ಷ ಆಯ್ತು ಮೇಡಂ."

ಕೆಲಸಕ್ಕೆ ಸೇರಿ ಎಷ್ಟು ವರ್ಷವಾಯಿತು ಎಂದು ಕೇಳಿದ್ದಾರೆಂದು ಅವನು ಊಹಿಸಿದ್ದ. ಪಂಚರ ಎದುರು ಮೊಬೈಲನ್ನು ವಶಪಡಿಸಿಕೊಂಡು ಪಂಚನಾಮೆ ಬರೆದರು. ಎದುರು ನಿಂತು, ತುಟಿ ಬಿಡಿಸಿ ಕೇಳಿದಾಗ ರಂಗನಾಥ್ ಎಲ್ಲವನ್ನೂ ಒಪ್ಪಿಕೊಂಡ. ಅವನು ಫಿರಂಗಿ ದಳದಲ್ಲಿದ್ದವನು. ಹೆಂಡತಿ ಪಲ್ಲವಿ ಅವನನ್ನು ಕೇಳದೆ ಶಿಬಿರಕ್ಕೆ ಹೆಸರು ಕೊಟ್ಟಿದ್ದಳು. ಪಟ್ಟಿ, ನಂಬರು ಎಲ್ಲ ಶಿಬಿರದ ವಾಟ್ಸಾಪ್ ಗುಂಪಿನಲ್ಲೇ ಇದ್ದವು. ಪರೀಕ್ಷೆ ನಡೆಯಬೇಕಿದ್ದದ್ದು ಮಾಲೀಕರ ಕಣ್ಣೆದುರೇ. ತಾನೊಬ್ಬನೇ ತಪ್ಪಿಸಿಕೊಂಡರೆ ಪ್ರಶ್ನೆ ಬರುತ್ತದೆ, ಯಾರೂ ಬರದಿದ್ದರೆ ಶಿಬಿರವೇ ನಿಲ್ಲುತ್ತದೆ ಎಂದುಕೊಂಡಿದ್ದ.

"ಕೆಪ್ಪ ಅಂತ ಗೊತ್ತಾದ್ರೆ ಕೀ ಕಿತ್ಕೊಳ್ತಾರೆ ಮೇಡಂ. ಆಮೇಲ್ ನಾನ್ ಯಾರು?"

"ವ್ಯಾನ್ ಹಿಂದೆ ಒಂದ್ ಮಗು ಕೂಗಿದ್ರೆ?" ಎಂದು ಕೇಳಿದರು ಉಮಾಮಹೇಶ್ವರಿ. ಅದು ಅವನಿಗೆ ಅರ್ಥವಾಯಿತು. ಕೀಲಿಗೊಂಚಲನ್ನು ತಾನೇ ತೆಗೆದು ಮೇಜಿನ ಮೇಲಿಟ್ಟ.

ಠಾಣೆಯಲ್ಲಿ ಅಂಜನ್‌ಕುಮಾರ್ ದಸ್ತಗಿರಿಯ ಕಾರಣಗಳನ್ನು ಓದಿ ಹೇಳಿದ. ಪ್ರತಿ ಸಾಲಿಗೂ ರಂಗನಾಥ್ "ಹ್ಞೂಂ" ಅನ್ನುತ್ತಿದ್ದ. ದಸ್ತಗಿರಿಯ ವಿಷಯ ಯಾರಿಗೆ ತಿಳಿಸಬೇಕು ಎಂದು ಕೇಳಿದ್ದಕ್ಕೂ "ಹ್ಞೂಂ" ಅಂದ. ಉಮಾಮಹೇಶ್ವರಿ ಅಂಜನ್‌ಕುಮಾರನ ಓದನ್ನು ತಡೆದು, ಅಷ್ಟನ್ನೂ ದೊಡ್ಡಕ್ಷರದಲ್ಲಿ ಬರೆದು ರಂಗನಾಥನ ಮುಂದಿಟ್ಟರು. ಓದುತ್ತ ಓದುತ್ತ ಅವನ ಕಣ್ಣು ತುಂಬಿತು. ಇಷ್ಟು ವರ್ಷ ಎಲ್ಲದಕ್ಕೂ ಹೀಗೆ ತಲೆಯಾಡಿಸಿ ಬದುಕಿದ್ದ ಮನುಷ್ಯ.

"ನಮ್ಮನೆಯವ್ಳಿಗೆ ತಿಳ್ಸಿ," ಎಂದ. "ಫೋನಲ್ಲಿ ನಂಗ್ ಕೊಡ್ಬೇಡಿ. ಬರೋಕ್ ಹೇಳಿ, ಮೊಖ ನೋಡಿದ್ರೆ ಅವ್ಳ್ ಮಾತು ಗೊತ್ತಾಯ್ತದೆ."

ಪಲ್ಲವಿ ಬಂದಳು. ಹಿಂದೆಯೇ ಚನ್ನವೀರಯ್ಯನವರೂ ಬಂದರು. ಫಿರಂಗಿ ಹಾರಿಸಿ ಹೋದ ಕಿವಿಗೆ ಸರ್ಕಾರ ಕೊಡುವುದು ಭಿಕ್ಷೆಯಲ್ಲ, ಅದು ಅವನ ಹಕ್ಕು ಎಂದರು. ನಾಳೆ ಕೋರ್ಟಿನಲ್ಲಿ ಜಾಮೀನಿಗೆ ತಾವೇ ನಿಲ್ಲುವುದಾಗಿ ಹೇಳಿದರು. ಅಂಜನ್‌ಕುಮಾರ್ ಆಗಲೇ ಹನುಮಂತಮ್ಮನವರಿಗೆ ಫೋನ್ ಮಾಡಿ ಶಿಬಿರ ಇದೆ, ನೀವೇ ಬನ್ನಿ ಎನ್ನುತ್ತಿದ್ದ.

ಪಲ್ಲವಿ ಗಂಡನ ಎದುರು ನಿಂತು, ದನಿಯೇ ಇಲ್ಲದೆ ತುಟಿಯಲ್ಲಿ ಮಾತ್ರ ಏನೋ ಕೇಳಿದಳು.

"ಭಾನ್ವಾರ ತಾನೆ?" ಎಂದ ರಂಗನಾಥ್. "ಬರ್ತೀನಿ."