ತೆರೆಪಟ್ಟಣ ನೋಡಲು ಬಂದವರು

ಬಹಳ ಹಿಂದೆ, ಮೀನಿಗೂ ಕಲ್ಲಿಗೂ ಮಾತು ಬರುತ್ತಿದ್ದ ಕಾಲದಲ್ಲಿ, ಹಂಸಾವತಿ ಎಂಬ ರಾಜ್ಯದಲ್ಲಿ ತೆರೆಪಟ್ಟಣ ಎಂಬ ಊರಿತ್ತು. ಅದು ವಾರಿಜೆ ಎಂಬ ಹೊಳೆಯ ದಂಡೆಯ ಮೇಲಿತ್ತು. ದಂಡೆಯ ಮೇಲೆ ಎಂದರೆ ಒಂದೇ ದಂಡೆಯಲ್ಲ, ಎರಡೂ ದಂಡೆಗಳ ಮೇಲೆ. ನಡುವೆ ಏಳು ಕಮಾನಿನ ಸೇತುವೆ. ಸೇತುವೆಯ ಪಕ್ಕದಲ್ಲಿ ಮೀನಿನ ಮಡು. ಆಚೆ ದಂಡೆಯ ಗುಡ್ಡದ ಮೇಲೆ ಗಾಳಿಮಂಟಪ. ಈ ಮೂರನ್ನು ನೋಡಲು ದೂರದೂರದ ಊರುಗಳಿಂದ ಜನ ಬರುತ್ತಿದ್ದರು. ಮಡುವಿನ ಮೀನಿಗೆ ಪುರಿ ಹಾಕುತ್ತಿದ್ದರು, ಸೇತುವೆಯ ಕೆಳಗೆ ಕೂಗಿ ಮಾರ್ದನಿ ಕೇಳುತ್ತಿದ್ದರು, ಮಂಟಪದಲ್ಲಿ ಬುತ್ತಿ ಬಿಚ್ಚಿ ಉಣ್ಣುತ್ತಿದ್ದರು.

ಬಂದವರನ್ನು ಹರಿಗೋಲಿನಲ್ಲಿ ಕೂರಿಸಿಕೊಂಡು ಊರು ತೋರಿಸುವುದನ್ನೇ ಕಸುಬು ಮಾಡಿಕೊಂಡವರು ಅಲ್ಲಿದ್ದರು. ಹರಿಗೋಲೆಂದರೆ ಬಿದಿರು ಹೆಣೆದು ತೊಗಲು ಹೊದಿಸಿದ ದುಂಡನೆಯ ದೋಣಿ. ದುಂಡಗಿರುವುದರಿಂದ ಅದರಲ್ಲಿ ಕೂತವರು ಒಬ್ಬರ ಮುಖ ಒಬ್ಬರು ನೋಡಲೇಬೇಕು. ಮುಖ ನೋಡಿದ ಮೇಲೆ ಮಾತಾಡಲೇಬೇಕು. ಇದರಿಂದಲೇ ಇರಬೇಕು, ಅವರಲ್ಲೊಂದು ಪದ್ಧತಿ ಬೆಳೆದಿತ್ತು. ಒಂದೊಂದು ಜಾಗ ತೋರಿಸಿದ ಮೇಲೂ ತಮ್ಮ ಮಾತು ನಿಲ್ಲಿಸಿ, ಹುಟ್ಟನ್ನು ಕೆಳಗಿಟ್ಟು, ಬಂದವರನ್ನು "ನಿಮ್ಮೂರಲ್ಲಿ ಏನೈತೆ?" ಎಂದು ಕೇಳಬೇಕು. ಅವರು ಹೇಳಿ ಮುಗಿಸುವ ತನಕ ಹುಟ್ಟು ಎತ್ತಬಾರದು. ಇದು ಬರೀ ಮರ್ಯಾದೆಯ ಮಾತು ಎಂದು ಎಲ್ಲರೂ ತಿಳಿದಿದ್ದರು. ಹಾಗೆ ತಿಳಿದದ್ದೇ ತಪ್ಪಾಯಿತು.

ಹೀಗೆ ಊರು ತೋರಿಸುವವರಲ್ಲಿ ಸೋಮಲೆ ಒಬ್ಬಳು. ಅಂಬಿಗರ ಬೀರಯ್ಯನ ಮಗಳು, ಇಪ್ಪತ್ತು ವರ್ಷದವಳು. ಅವಳಿಗೆ ತನ್ನೂರೆಂದರೆ ಪ್ರಾಣ. ಹುಟ್ಟಿದಾಗಿನಿಂದ ಆ ಊರು ಬಿಟ್ಟು ಹೊರಗೆ ಹೋದವಳಲ್ಲ. ಹೋಗಬೇಕೆಂದು ಅನಿಸಿದವಳೂ ಅಲ್ಲ.

ಆ ವರ್ಷ ಊರಿಗೆ ಕಣ್ಕಟ್ಟಯ್ಯ ಎಂಬ ಮಾಂತ್ರಿಕ ಬಂದ. "ಮಹಾಸ್ವಾಮಿ, ನಿಮ್ಮ ಪಟ್ಟಣದ ಮೂರು ನೋಟಗಳನ್ನು ಮೂರು ಲೋಕದಲ್ಲಿಲ್ಲದ ಹಾಗೆ ಮಾಡಿಕೊಡ್ತೀನಿ" ಎಂದು ಅರಸ ರಾಚಭೂಪನಿಗೆ ಹೇಳಿದ. ಅರಸ ಒಪ್ಪಿದ. ಮಾಂತ್ರಿಕ ಮಂತ್ರ ಹಾಕಿದ. ಮಡುವಿನ ಮೀನೊಂದು ಆನೆಯಷ್ಟು ದೊಡ್ಡದಾಗಿ ಚಿನ್ನದ ಬಣ್ಣಕ್ಕೆ ತಿರುಗಿತು. ಸೇತುವೆಯ ಏಳು ಕಲ್ಲಿನ ಸಿಂಹಗಳು ಹಾಡತೊಡಗಿದವು. ಗಾಳಿಮಂಟಪದಲ್ಲಿ ಆಳೆತ್ತರದ ಕನ್ನಡಿಯೊಂದು ಎದ್ದು ನಿಂತಿತು. ಇವು ಸಾಲದೆಂಬಂತೆ ಊರಿನ ಮೂಲೆಮೂಲೆಯಲ್ಲಿ ಹೊಸ ಹೊಸ ಶಿಲ್ಪಗಳು ಕಾಣಿಸಿಕೊಂಡವು. ಅವು ಎಷ್ಟು ಜೀವಂತವಾಗಿದ್ದವೆಂದರೆ, ಶಿಲ್ಪ ನೋಡುವುದಕ್ಕೇ ಜನ ಮುಗಿಬಿದ್ದರು. ಹರಿಗೋಲುಗಳು ದಿನಕ್ಕೆ ಎರಡು ಸಲ ಹೋಗುತ್ತಿದ್ದಲ್ಲಿ ಹತ್ತು ಸಲ ಹೋಗಬೇಕಾಯಿತು. ಹತ್ತು ಸಲ ಹೋಗುವವರಿಗೆ ಹುಟ್ಟು ಕೆಳಗಿಟ್ಟು ಕೇಳಲು ಪುರುಸೊತ್ತೆಲ್ಲಿ? ಪದ್ಧತಿ ಬಿಟ್ಟುಹೋಯಿತು. ಸೋಮಲೆಯೂ ಬಿಟ್ಟಳು.

ಒಂದು ದಿನ ಅವಳ ಹರಿಗೋಲಿಗೆ ಹಾಲವ್ವ ಎಂಬ ಹೆಂಗಸು ಹತ್ತಿದಳು. ಬಿಸಿಲಿಗೆ ಸುಟ್ಟ ಮುಖ, ಕಂಕುಳಲ್ಲಿ ಬುತ್ತಿಯ ಗಂಟು.

"ಏಳು ತಿಂಗಳ ಕೂಸನ್ನ ತಂಗಿ ಕೈಯಾಗ ಕೊಟ್ಟು ಬಂದೀನವ್ವ" ಎಂದಳು ಹಾಲವ್ವ. "ಸಾಯೂದ್ರೊಳಗ ಒಮ್ಮೆ ಈ ಊರು ನೋಡ್ಬೇಕಂತ ಆಸೆ. ನಾಲ್ಕು ದಿನಕ್ಕ ತಿರುಗಿ ಬರ್ತೀನಂತ ಹೇಳೀನಿ. ನಮ್ಮೂರಾಗ..."

"ನಿಮ್ಮೂರ ಮಾತು ಆಮೇಲೆ ಅಕ್ಕಾ, ಮೊದಲು ಇಲ್ಲಿ ನೋಡಿ!" ಎಂದು ಸೋಮಲೆ ಮಾತು ಕತ್ತರಿಸಿದಳು. "ಇಂಥ ಮೀನು ಸಾವಿರ ಗಾವುದ ಹುಡುಕಿದರೂ ಇಲ್ಲ. ಕೈಯಲ್ಲಿ ಪುರಿ ಹಿಡಿದು ಮೆಟ್ಟಿಲ ಮೇಲೆ ನಿಂತಿರಿ. ಹರಿಗೋಲಿನಲ್ಲಿರುವ ಈ ನಾಲ್ವರನ್ನು ಸೇತುವೆಗೆ ಬಿಟ್ಟು ಬಂದೆ."

ತಿರುಗಿ ಬಂದಾಗ ಹಾಲವ್ವ ಇರಲಿಲ್ಲ. ಮೆಟ್ಟಿಲ ಮೇಲೆ ಹೊಸದೊಂದು ಶಿಲ್ಪವಿತ್ತು. ಕಂಕುಳಲ್ಲಿ ಗಂಟು, ಚಾಚಿದ ಅಂಗೈಯಲ್ಲಿ ಕಲ್ಲಿನ ಪುರಿ. ಗಂಟಿನ ಮೇಲೆ ಇರುವೆಗಳು ಸಾಲು ಹಿಡಿದಿದ್ದವು. ಕಲ್ಲಿನ ಗಂಟಿಗೆ ಇರುವೆ ಯಾಕೆ ಬರುತ್ತದೆ? ಒಳಗೆ ನಿಜವಾದ ಬೆಲ್ಲ ಇದ್ದರೆ ಬರುತ್ತದೆ. ಸೋಮಲೆ ಆ ಮುಖವನ್ನು ದಿಟ್ಟಿಸಿ ನೋಡಿದಳು. ಇವಳು ಹಾಲವ್ವ. ಹಾಗಾದರೆ ಊರ ತುಂಬ ಇರುವ ಶಿಲ್ಪಗಳೆಲ್ಲ ಊರು ನೋಡಲು ಬಂದ ಮನುಷ್ಯರು!

ಅವಳು ನೇರ ಅರಮನೆಗೆ ನಡೆದಳು. ಅರಸನಿಗೆ ಎಲ್ಲವನ್ನೂ ಹೇಳಿದಳು. ರಾಚಭೂಪ ನಕ್ಕುಬಿಟ್ಟ.

"ಅಲ್ಲಮ್ಮ, ಇರುವೆ ಹರಿದರೆ ಕಲ್ಲು ಮನುಷ್ಯ ಆಗುತ್ತೇನು? ನನ್ನ ಸಿಂಹಾಸನದ ಮೇಲೂ ಹರಿಯುತ್ತೆ."

ಪಕ್ಕದಲ್ಲೇ ನಿಂತಿದ್ದ ಕಣ್ಕಟ್ಟಯ್ಯ ನಗಲಿಲ್ಲ. ಸಿಕ್ಕಿಬಿದ್ದವರಿಗೆ ನಗು ಬರುವುದಿಲ್ಲ. "ಈ ಹುಡುಗಿಗೆ ಅಷ್ಟು ಧೈರ್ಯವಿದ್ದರೆ ದಿನಕ್ಕೊಂದರಂತೆ ನನ್ನ ಮೂರು ನೋಟಗಳ ಎದುರು ನಿಲ್ಲಲಿ ಮಹಾಸ್ವಾಮಿ" ಎಂದ. "ಬೆಳಗಿನಿಂದ ನಡುಹಗಲಿನ ನಗಾರಿ ಬಾರಿಸುವವರೆಗೆ ಕಣ್ಣು ಕೀಳದೆ ನೋಡಲಿ. ಮೂರು ದಿನವೂ ಗೆದ್ದರೆ ಆ ಕಲ್ಲನ್ನು ಏನು ಬೇಕಾದರೂ ಮಾಡಿಕೊಳ್ಳಲಿ. ಸೋತರೆ ಪಟ್ಟಣಕ್ಕೆ ಇನ್ನೊಂದು ಶಿಲ್ಪ ಸಿಗುತ್ತೆ."

"ನಿಲ್ತೀನಿ" ಎಂದಳು ಸೋಮಲೆ.

ಮನೆಯಲ್ಲಿ ಬೀರಯ್ಯ ತಲೆ ಚಚ್ಚಿಕೊಂಡ. "ನಿನಗ್ಯಾಕವ್ವ ಈ ಉಸಾಬರಿ? ಅವಳೇನು ನಿನ್ನ ಅಕ್ಕನೋ ತಂಗಿಯೋ?"

"ನನ್ನ ಹರಿಗೋಲು ಹತ್ತಿದವಳು ಅಪ್ಪಾ. ಅಲ್ಲೊಂದು ಕೂಸು ದಾರಿ ನೋಡ್ತಾ ಇದೆ. ಕರೆತಂದವಳು ನಾನು, ಕಳಿಸಬೇಕಾದವಳೂ ನಾನೇ."

ಮೊದಲನೆಯ ದಿನ ಸೋಮಲೆ ಮೀನಿನ ಮಡುವಿನ ಎದುರು ನಿಂತಳು. ಚಿನ್ನದ ಮೀನು ಮೇಲೆದ್ದಿತು. ಒಂದೊಂದು ಹುರುಪೆಯಲ್ಲೂ ಒಂದೊಂದು ದೀಪ ಉರಿಯುತ್ತಿತ್ತು. ನೋಡುತ್ತ ನೋಡುತ್ತ ಅವಳಿಗೆ ಅಪ್ಪನ ಮುಖ ಮರೆಯಿತು, ಮನೆಯ ಬಾಗಿಲು ಮರೆಯಿತು. ಪಾದ ತಣ್ಣಗಾಗಿ ಕಲ್ಲಾಗತೊಡಗಿತು. ಆಗ ಅವಳಿಗೆ ಮಾಂತ್ರಿಕನ ಗುಟ್ಟು ತಿಳಿಯಿತು: ಈ ನೋಟಗಳು ನೋಡುವವರ ಊರನ್ನು ಮರೆಸುತ್ತವೆ, ಊರು ಮರೆತವರು ಅಲ್ಲೇ ಕಲ್ಲಾಗುತ್ತಾರೆ. ಹಿಂದಿನವರ ಪದ್ಧತಿ ಬರೀ ಮರ್ಯಾದೆಯಲ್ಲ, ಕಾವಲು. ಕಲ್ಲಾಗುತ್ತಿದ್ದ ತುಟಿ ಬಿಡಿಸಿಕೊಂಡು ಅವಳು ಕೇಳಿಯೇಬಿಟ್ಟಳು.

"ಮೀನಪ್ಪಾ, ನಿಮ್ಮೂರಲ್ಲಿ ಏನೈತೆ?"

ಮೀನು ಬಾಯಿ ತೆರೆದದ್ದು ತೆರೆದಂತೆಯೇ ಉಳಿಯಿತು. "ನಮ್ಮೂರಾ? ಮೇಲಿನ ಕಣಿವೆಯ ತೊರೆ, ತಾಯಿ. ಅಲ್ಲಿ ಬಂಡೆಗೆ ಪಾಚಿ ಕಟ್ಟುತ್ತೆ. ಅದರ ರುಚಿ ಏನು ಹೇಳಲಿ! ಇಲ್ಲಿ ಪುರಿ ತಿಂದು ತಿಂದು ನಾಲಿಗೆ ಕೆಟ್ಟುಹೋಗಿದೆ. ಬೆಳಗ್ಗೆ ಪುರಿ, ಸಂಜೆ ಪುರಿ. ಒಬ್ಬರಾದರೂ ಬೇಕಾ ಅಂತ ಕೇಳಲಿಲ್ಲ."

ಹೇಳುತ್ತಿದ್ದಂತೆ ಅದರ ಚಿನ್ನವೆಲ್ಲ ಉದುರಿತು. ಮೊಳದುದ್ದದ ಕರಿಮೀನಾಗಿ ಬಾಲ ಬಡಿದು ಮೇಲ್ನೀರಿಗೆ ಹಾರಿತು. ನಗಾರಿ ಬಾರಿಸಿತು. ಸೋಮಲೆ ಕಾಲೆತ್ತಿ ನಡೆದಳು.

ಎರಡನೆಯ ದಿನ ಸೇತುವೆಯ ಎದುರು ನಿಂತಳು. ಏಳು ಸಿಂಹಗಳು ಏಳು ಸ್ವರದಲ್ಲಿ ಹಾಡಿದವು. ಈ ಸಲ ಮೊಣಕಾಲಿನವರೆಗೆ ಕಲ್ಲಾಯಿತು, ಏಕೆಂದರೆ ಕಣ್ಣಾದರೂ ರೆಪ್ಪೆ ಹೊಡೆಯುತ್ತದೆ, ಕಿವಿಗೆ ರೆಪ್ಪೆಯಿಲ್ಲ. ಅವಳು ಹಲ್ಲು ಕಚ್ಚಿ ಕೇಳಿದಳು. "ಅಣ್ಣಗಳಿರಾ, ನಿಮ್ಮೂರಲ್ಲಿ ಏನೈತೆ?"

"ನಮ್ಮದು ಕರೇಗುಡ್ಡ" ಎಂದಿತು ಮೊದಲ ಸಿಂಹ. "ನಾವು ಬಂಡೆಯಾಗಿದ್ದಾಗ ಹಲ್ಲಿಗಳು ನಮ್ಮ ಬೆನ್ನ ಮೇಲೆ ಬಿಸಿಲು ಕಾಯಿಸುತ್ತಿದ್ದವು."

"ಹಲ್ಲಿಯಲ್ಲವೋ ಮಂಕೇ, ಓತಿಕ್ಯಾತ" ಎಂದಿತು ಎರಡನೆಯದು.

"ನಿನ್ನ ಬೆನ್ನ ಮೇಲೆ ಓತಿಕ್ಯಾತ, ನನ್ನ ಬೆನ್ನ ಮೇಲೆ ಹಲ್ಲಿ!"

"ನಿನಗೆ ಬೆನ್ನಾದರೂ ಎಲ್ಲಿತ್ತು? ನೀನು ನನ್ನ ಹೊಟ್ಟೆಯ ಕೆಳಗಿದ್ದೆ!"

ಏಳೂ ಸೇರಿ ಜಗಳಕ್ಕಿಳಿದವು. ಹಾಡು ಮುರಿದುಬಿತ್ತು. ಸೋಮಲೆಗೆ ನಗು ತಡೆಯಲಾಗಲಿಲ್ಲ, ನಗುವಿಗೆ ಮೊಣಕಾಲಿನ ಕಲ್ಲು ಬಿರಿಯಿತು. ನಗಾರಿ ಬಾರಿಸಿದಾಗಲೂ ಅವು ಜಗಳವಾಡುತ್ತಲೇ ಇದ್ದವು.

ಮೂರನೆಯ ದಿನ ಗಾಳಿಮಂಟಪ. ಕನ್ನಡಿಯ ಎದುರು ನಿಂತಾಗ ಅದರಲ್ಲಿ ಕಂಡದ್ದು ಸೋಮಲೆಯೇ. ಆದರೆ ರೇಷ್ಮೆ ಉಟ್ಟ ಸೋಮಲೆ.

"ನಿಮ್ಮೂರಲ್ಲಿ ಏನೈತೆ?" ಎಂದು ಕೇಳಿದಳು.

"ಏನಿಲ್ಲ ಹೇಳು!" ಎಂದಿತು ಬಿಂಬ. "ಮೀನಿನ ಮಡು ಇದೆ, ಏಳು ಕಮಾನಿನ ಸೇತುವೆ ಇದೆ. ಇಂಥ ಊರು ಸಾವಿರ ಗಾವುದ ಹುಡುಕಿದರೂ ಇಲ್ಲ." ಅದು ಹೇಳುತ್ತಲೇ ಹೋಯಿತು. ಅವು ಸೋಮಲೆ ದಿನವೂ ಹೇಳುತ್ತಿದ್ದ ಮಾತುಗಳೇ. ಕೇಳಲು ಎಷ್ಟು ಹಿತವಾಗಿತ್ತೆಂದರೆ ಸೊಂಟದವರೆಗೆ ಕಲ್ಲಾದದ್ದೇ ತಿಳಿಯಲಿಲ್ಲ. ಎರಡು ದಿನ ಅವಳನ್ನು ಕಾಪಾಡಿದ ಪ್ರಶ್ನೆ ಈ ದಿನ ಕಾಪಾಡಲಿಲ್ಲ. ಯಾಕೆಂದರೆ ಬಿಂಬ ಹೇಳುತ್ತಿದ್ದುದು ಊರಲ್ಲ, ಊರಿನ ಮೆರೆದಾಟ. ಹಾಲವ್ವನ ಮಾತು ಕತ್ತರಿಸಿದ್ದೂ ಇದೇ ಮೆರೆದಾಟ.

ಕಲ್ಲು ಎದೆಗೇರಿತು. ಸೋಮಲೆ ಉಸಿರೆಳೆದು ತಾನೇ ಹೇಳಿದಳು.

"ಸುಳ್ಳಿ! ನಮ್ಮೂರಲ್ಲಿ ಸೊಳ್ಳೆ ಇದೆ. ಮಳೆಗಾಲದಲ್ಲಿ ಅಂಬಿಗರ ಕೇರಿಗೆ ನೀರು ನುಗ್ಗುತ್ತೆ. ನಮ್ಮಪ್ಪ ಗೊರಕೆ ಹೊಡೀತಾನೆ, ಪಕ್ಕದ ಮನೆಯವರು ಗೋಡೆ ಬಡೀತಾರೆ. ಅವ್ವ ತೀರಿಕೊಂಡಾಗ ಅದೇ ಪಕ್ಕದ ಮನೆಯವರು ಹನ್ನೊಂದು ದಿನ ನಮಗೆ ಗಂಜಿ ತಂದುಕೊಟ್ಟರು. ಅದು ನಮ್ಮೂರು!"

ಕನ್ನಡಿಗೆ ಚೆಂದವನ್ನು ಮಾತ್ರ ತೋರಿಸಲು ಬರುತ್ತಿತ್ತು. ಸೊಳ್ಳೆಯನ್ನೂ ಗಂಜಿಯನ್ನೂ ಹೇಗೆ ತೋರಿಸಬೇಕೆಂದು ತಿಳಿಯದೆ ಅದು ಚೂರುಚೂರಾಯಿತು. ನಗಾರಿ ಬಾರಿಸಿತು.

ಅರಸ, ಮಾಂತ್ರಿಕ, ಬೀರಯ್ಯ ಮತ್ತು ಊರವರೆಲ್ಲ ಮಡುವಿನ ಮೆಟ್ಟಿಲಿಗೆ ಬಂದು ಸೇರಿದರು. ಸೋಮಲೆ ಕಲ್ಲಾದ ಹಾಲವ್ವನ ಎದುರು ಕೂತಳು. "ಅಕ್ಕಾ, ನಿಮ್ಮೂರಲ್ಲಿ ಏನೈತೆ?" ಎಂದಳು. ಕಲ್ಲು ಕಲ್ಲಾಗಿಯೇ ಇತ್ತು.

"ಕೇಳುವ ಹೊತ್ತಿನಲ್ಲಿ ಕೇಳಲಿಲ್ಲ, ಈಗ ಕಲ್ಲನ್ನು ಕೇಳ್ತೀಯಾ?" ಎಂದು ಕಣ್ಕಟ್ಟಯ್ಯ ನಕ್ಕ. "ಮೂರು ಮಾತಿನಲ್ಲಿ ಬಿಡಿಸೋಕೆ ಅದೇನು ಒಗಟೇ?"

ಸೋಮಲೆ ಅವನತ್ತ ತಿರುಗಲಿಲ್ಲ. "ಊರಲ್ಲಿ ಏನಿದೆ ಅಂತ ಕೇಳಿದರೆ ದೊಡ್ಡದಾಯ್ತೇನೋ. ಚಿಕ್ಕದು ಕೇಳ್ತೀನಿ. ನಿಮ್ಮ ಬಾವಿ ನೀರು ಸಿಹಿಯೋ, ಸವುಳೋ?" ಕೇಳಿ ಕಾದಳು. "ರೊಟ್ಟಿ ಜೋಳದ್ದೋ, ಸಜ್ಜೆಯದೋ?" ಕಾದಳು. "ಮನೆ ಬಾಗಿಲು ಯಾವ ದಿಕ್ಕಿಗೆ?" ಕಾದಳು. ಒಂದೊಂದು ಪ್ರಶ್ನೆಗೂ ಉತ್ತರ ಬರುವಷ್ಟು ಹೊತ್ತು ಪೂರ್ತಿ ಕಾದಳು. ಊರವರು ಆಕಳಿಸಿದರು. ಅರಸನಿಗೆ ಕಾಲು ನೋಯಿತು, ಅವನೂ ಮೆಟ್ಟಿಲ ಮೇಲೆ ಕೂತ. ಬಿಸಿಲು ಇಳಿಯತೊಡಗಿತು. ನೂರು ಪ್ರಶ್ನೆ ಮುಗಿದಿರಬೇಕು, ಅವಳು ಇನ್ನೊಂದು ಕೇಳಿದಳು.

"ಕೂಸು ಅತ್ತರೆ ಯಾರು ಎತ್ತಿಕೊಳ್ತಾರೆ ಅಕ್ಕಾ?"

ಕಲ್ಲಿನ ತುಟಿ ಅಲುಗಿತು.

"ಅದು ಅಳೂದಿಲ್ಲವ್ವ" ಎಂದಳು ಹಾಲವ್ವ. "ಹಸಿವಾದ್ರ ಸುಮ್ಮನ ಮುಷ್ಟಿ ಚೀಪ್ತದ."

ಕಲ್ಲಿನ ಕೆನ್ನೆಯ ಮೇಲೆ ನೀರಿಳಿಯಿತು. ನೀರಿಳಿದಲ್ಲೆಲ್ಲ ಚರ್ಮ ಕಂಡಿತು. ಹಾಲವ್ವ ಕೈ ಕೊಡವಿದಳು, ಪುರಿ ಚೆಲ್ಲಿತು. ಇದನ್ನು ಕಂಡದ್ದೇ ಊರು ತೋರಿಸುವವರೆಲ್ಲ ಮೂಲೆಮೂಲೆಗೆ ಓಡಿದರು. ತಾವು ಬಿಟ್ಟು ಬಂದವರ ಎದುರು ಕೂತು ತಾವೂ ಕೇಳಿದರು, ತಾವೂ ಕಾದರು. ಒಂದೊಂದಾಗಿ ಶಿಲ್ಪಗಳು ಮಾತಾಡಿದವು. ಒಬ್ಬನಿಗೆ ಅವನ ಎತ್ತು ನೆನಪಾಯಿತು, ಇನ್ನೊಬ್ಬನಿಗೆ ಅತ್ತೆಯ ಬೈಗುಳ.

ಕಣ್ಕಟ್ಟಯ್ಯ ಓಡಿಹೋಗಲು ನೋಡಿದ. ಅರಸ ಎದ್ದು ದಾರಿಗೆ ಅಡ್ಡ ನಿಂತ. "ನಿನ್ನನ್ನು ಊರೊಳಗೆ ಬಿಟ್ಟುಕೊಂಡವನು ನಾನು. ಕೇಳಬೇಕಾದ್ದನ್ನು ಅಂದೇ ಕೇಳಲಿಲ್ಲ. ಹೇಳಯ್ಯ, ನಿಮ್ಮೂರು ಯಾವುದು? ಅಲ್ಲಿ ಏನಿದೆ?"

ಮಾಂತ್ರಿಕ ಬಾಯಿ ತೆರೆದ. ಎಷ್ಟು ಹುಡುಕಿದರೂ ಅವನಿಗೆ ಒಂದು ಬಾವಿ ನೆನಪಾಗಲಿಲ್ಲ, ಒಂದು ಬಾಗಿಲು ನೆನಪಾಗಲಿಲ್ಲ. ಅವನ ಮಂತ್ರ ಅವನನ್ನೇ ಹಿಡಿಯಿತು. ಕಾಲಿನಿಂದ ತಲೆಯವರೆಗೆ ಕಲ್ಲಾದ. ಕೇಳಿ ಎಬ್ಬಿಸೋಣವೆಂದರೆ ಒಳಗೆ ನೆನಪೆಂಬುದೇ ಇರಲಿಲ್ಲ. ಒಳಗೇನೂ ಇಲ್ಲದ ಕಲ್ಲು ಪುಡಿಯಾಗಿ ಮರಳಾಯಿತು, ಮರಳನ್ನು ಹೊಳೆ ಎಳೆದುಕೊಂಡು ಹೋಯಿತು.

ಮರುದಿನ ಸೋಮಲೆ ಮೊದಲ ಸಲ ತನ್ನೂರಿನಿಂದ ಹೊರಬಿದ್ದಳು. ಹಾಲವ್ವನನ್ನು ಮನೆ ಮುಟ್ಟಿಸದೆ ಅವಳಿಗೆ ಸಮಾಧಾನವಿರಲಿಲ್ಲ. ಎರಡು ದಿನ ನಡೆದು ಗೊಂಚಿಹಟ್ಟಿ ಎಂಬ ಊರು ತಲುಪಿದರು. ಅಲ್ಲಿ ಮಡು ಇರಲಿಲ್ಲ, ಸೇತುವೆ ಇರಲಿಲ್ಲ. ಹನ್ನೆರಡು ಮನೆಗಳು, ಒಂದಿಷ್ಟು ಕುರಿ, ಕೆಂಪು ಮಣ್ಣು. ಹಾಲವ್ವನ ತಂಗಿ ಕೂಸನ್ನು ಎತ್ತಿಕೊಂಡು ಓಡಿಬಂದಳು.

"ನಾಲ್ಕು ದಿನ ಅಂದಾಕಿ ಏಳು ದಿನ ಮಾಡಿದಿಯಲ್ಲ!" ಎಂದು ಅಕ್ಕನನ್ನು ಬೈದಳು, ಬೈಯುತ್ತಲೇ ಅತ್ತಳು.

ಕೂಸು ತಾಯಿಯನ್ನು ಒಂದು ಗಳಿಗೆ ಪಿಳಿಪಿಳಿ ನೋಡಿತು. ಆಮೇಲೆ ಅವಳ ಕೊರಳಿಗೆ ಬಿದ್ದು ಸೆರಗಿನೊಳಗೆ ಮುಖ ಹುದುಗಿಸಿತು. ಹೊಟ್ಟೆ ತುಂಬಿದ ಮೇಲೆ ಸೋಮಲೆಯತ್ತ ತಿರುಗಿ, ಅವಳ ಬೆರಳು ಹಿಡಿದು ಬಾಯಿಗಿಟ್ಟುಕೊಂಡಿತು.

"ಅಯ್ಯೋ!" ಎಂದಳು ಸೋಮಲೆ.

ಹಾಲವ್ವ ಕೂಸಿನ ತುಟಿ ಸರಿಸಿ ನೋಡಿದಳು. ಅವಳು ಹೋಗುವಾಗ ಇರದಿದ್ದ ಹಲ್ಲೊಂದು ಅಕ್ಕಿಕಾಳಿನಷ್ಟು ಮೊಳೆತಿತ್ತು. ಹಟ್ಟಿಯ ಹನ್ನೆರಡು ಮನೆಯವರೂ ಅದನ್ನು ನೋಡಲು ಬಂದರು. ಸೋಮಲೆಯೂ ಅವರ ನಡುವೆ ನುಗ್ಗಿ ಕತ್ತು ಚಾಚಿ ಇನ್ನೊಮ್ಮೆ ನೋಡಿದಳು. ಅಲ್ಲಿಯವರು ಅಲ್ಲಿ, ಇಲ್ಲಿಯವರು ಇಲ್ಲಿ, ಹೋದವರೆಲ್ಲ ತಿರುಗಿ ಬಂದು, ಬಹುಕಾಲ ಸುಖವಾಗಿ ಬಾಳಿದರು.